ಬುತ್ತಿ ಕಟ್ಟಿಕೊಂಡು ಹತ್ತಲು ಹೋದ ಗುಡ್ಡ

ಅಕ್ಕಾ,

ಮೊದಲು ನಕ್ಕುಬಿಡು, ಆಮೇಲೆ ಓದು. ವಿಮಾನದಿಂದ ತೆಗೆದ ಫೋಟೋ ನೋಡಿ ಇದು ಗುಡ್ಡ, ಇದು ಕಣಿವೆ ಅಂತ ನಕ್ಷೆಗೆ ವಿಂಗಡಿಸೋದು ನನ್ನ ಕೆಲಸ, ಗೊತ್ತಲ್ಲ. ಹೋದ ವಾರ ಒಂದು ಚೆಂದದ ಗುಡ್ಡ ಗುರುತು ಹಾಕಿದ್ದೆ. ಇವತ್ತು ಅದನ್ನ ಅಳೆಯೋಕೆ ಹಗ್ಗ, ಬುತ್ತಿ ಹೊತ್ತು ನಾಲ್ಕು ಜನ ಹೋದ್ವಿ. ನೋಡಿದ್ರೆ ಗುಡ್ಡವೇ ಇಲ್ಲ, ಬಾಯ್ತೆರೆದ ದೊಡ್ಡ ಗುಂಡಿ! ನೆರಳು ನಮ್ಮ ಕಡೆಗೆ ಬೀಳೋ ಹಾಗೆ ಫೋಟೋ ಹಿಡಿಯಬೇಕಂತೆ. ನನ್ನ ಹಾಗೆ ತಲೆಕೆಳಗಾಗಿ ಹಿಡಿದ್ರೆ ಗುಂಡಿಯೇ ಉಬ್ಬಿ ಗುಡ್ಡದ ಹಾಗೆ ಕಾಣುತ್ತೆ. ಬೈತಾರೆ ಅಂದ್ಕೊಂಡು ತಲೆಬಗ್ಗಿಸಿ ನಿಂತೆ. ನಮ್ಮ ಮೇಲ್ವಿಚಾರಕರು ಮಾತ್ರ ಬಿದ್ದು ಬಿದ್ದು ನಕ್ಕು, "ಹತ್ತೋಕಂತೂ ಆಗ್ಲಿಲ್ಲ, ಇಳಿಯೋಣ ಬಾಮ್ಮ" ಅಂದ್ರು. ತಳದಲ್ಲಿ ತಣ್ಣಗಿನ ನೀರಿತ್ತು. ಅದರಲ್ಲಿ ಕಾಲು ಇಳಿಬಿಟ್ಟುಕೊಂಡೇ ಊಟ ಮಾಡಿದ್ವಿ.

ಹಿಮ್ಮಡಿಯ ಬೊಬ್ಬೆ ವಾಸಿಯಾಯ್ತು ಅಂತ ಅಮ್ಮನಿಗೆ ಹೇಳು.

ಕಾರ್ಡಿನ ಹಿಂದೆ ಅದೇ ಫೋಟೋ ಅಂಟಿಸಿದ್ದೀನಿ. ಅಂಚಿನಲ್ಲಿ ನಾನು ಹಾಕಿರೋ ಬಾಣದ ಗುರುತು ಮೇಲಿರೋ ಹಾಗೆ ಅಪ್ಪನ ಕೈಗೆ ಕೊಟ್ಟು, ಏನಿದು ಅಂತ ಕೇಳು. ಗುಡ್ಡ ಅಂದ ತಕ್ಷಣ ತಲೆಕೆಳಗೆ ತಿರುಗಿಸಿ ಗುಂಡಿ ತೋರಿಸು. "ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು" ಅಂತ ಚಿಕ್ಕಂದಿನಿಂದ ನಮ್ಮ ಕಿವಿ ಕೊರೆದ ಗಾದೆಯನ್ನ ಅವರಿಗೇ ಒಪ್ಪಿಸು.

ಅಂಚೆಯವನು ಡಬ್ಬಿ ಖಾಲಿ ಮಾಡ್ತಿದ್ದಾನೆ, ಓಡಿದೆ.

ಗುಂಡಿ ಹತ್ತಲು ಹೊರಟ
ನಿನ್ನ ತಂಗಿ