ಕೇಸ್ ಪೇಪರಿನಲ್ಲಿ ನಾನು ಬರೆಸಿದ ಹೊಟ್ಟೆನೋವು

ಕಿಟಕಿಯ ಒಳಬದಿಯಲ್ಲಿ ಕೂತು ನಮ್ಮನ್ನು ಸಾಲಾಗಿ ನೋಡುವ ಮಾನ್ಯ ವೈದ್ಯಾಧಿಕಾರಿಗಳೇ,

ನಿಮ್ಮ ಉತ್ತರ ತಲುಪಿತು. ಮೂರು ಅರ್ಜಿಗೆ ಒಂದು ಉತ್ತರ, ಅದೂ ಏಳು ತಿಂಗಳಿಗೆ. ನಿಮ್ಮ ಕಚೇರಿಯ ಮಟ್ಟಿಗೆ ಇದು ಚುರುಕಿನ ಕೆಲಸವೇ ಇರಬೇಕು. ನನ್ನ ಗಂಡ ಸಿದ್ಧಲಿಂಗ ಮೂವತ್ತಮೂರನೇ ವಯಸ್ಸಿಗೆ ವೃಷಣದ ಕ್ಯಾನ್ಸರಿನಿಂದ ತೀರಿಕೊಂಡರು. ನಾಲ್ಕು ತಿಂಗಳು ನಿಮ್ಮ ದವಾಖಾನೆಗೆ ಓಡಾಡಿದರೂ ಅದು ನಿಮ್ಮಲ್ಲಿ ಒಬ್ಬರಿಗೂ ಏಕೆ ಗೊತ್ತಾಗಲಿಲ್ಲ ಎಂದು ಕೇಳಿದ್ದೆ. ನೀವು ಬರೆದಿದ್ದೀರಿ: "ಸದರಿ ರೋಗಿಯು ಹೊಟ್ಟೆನೋವು ಎಂದು ನೋಂದಾಯಿಸಿದ್ದು, ಅದಕ್ಕೆ ತಕ್ಕ ಚಿಕಿತ್ಸೆ ನೀಡಲಾಗಿದೆ. ಪುರುಷ ರೋಗಿಗಳು ಸಂಕೋಚದಿಂದ ಇಂತಹ ತೊಂದರೆಗಳನ್ನು ಮುಚ್ಚಿಡುತ್ತಾರೆ. ಕಚೇರಿಯ ಲೋಪ ಕಂಡುಬಂದಿರುವುದಿಲ್ಲ."

ಕೇಸ್ ಪೇಪರಿನಲ್ಲಿ ಹೊಟ್ಟೆನೋವು ಎಂದಿರುವುದು ನಿಜ. ಆದರೆ ಮುಚ್ಚಿಟ್ಟವರು ಅವರಲ್ಲ, ನಾನು. ಅದನ್ನು ಒಪ್ಪಿಕೊಳ್ಳಲಿಕ್ಕೇ ಈ ಪತ್ರ ಬರೆಯುತ್ತಿದ್ದೇನೆ. ಬರೆಯುವ ಅವಸರಕ್ಕೆ ಇನ್ನೊಂದು ಕಾರಣವಿದೆ. ಇನ್ನೂ ಉಳಿಯಬಹುದಾದ ಒಬ್ಬ ಗಂಡಸಿನ ಜೀವ ಈಗ ನಿಮ್ಮ ಕಿಟಕಿಯ ಕಡೆಗೆ ಹೊರಟಿದೆ. ಹಿಂದಿನ ಅರ್ಜಿಗಳನ್ನು ಮರಾಠಿಯಲ್ಲಿ ಬರೆದಿದ್ದೆ. ಗಡಹಿಂಗ್ಲಜ ಕಡೆಯ ಕನ್ನಡ ಶಾಲೆಯಲ್ಲಿ ಹತ್ತನೆಯವರೆಗೆ ಓದಿದವಳು ನಾನು. ತಪ್ಪು ಒಪ್ಪಿಕೊಳ್ಳುವಷ್ಟು ಮರಾಠಿ ನನಗೆ ಬರುವುದಿಲ್ಲ. ನಿಮ್ಮಲ್ಲಿ ಕನ್ನಡ ಬಲ್ಲವರು ಬೇಕಾದಷ್ಟಿದ್ದಾರೆ, ಓದಿಸಿಕೊಳ್ಳಿ. ದವಾಖಾನೆಯ ಊರನ್ನು ಇಲ್ಲಿ ಬರೆಯುವುದಿಲ್ಲ. ಈ ಪತ್ರದ ಪ್ರತಿ ಬೇರೆ ದವಾಖಾನೆಗಳಿಗೂ ಹೋಗುತ್ತದೆ, ಊರು ಬರೆದರೆ ಅಲ್ಲಿನವರು ತಮಗಲ್ಲವೆಂದು ಮಡಚಿ ಇಟ್ಟುಬಿಡುತ್ತಾರೆ.

ಇವರು ಹದಿನಾಲ್ಕು ವರ್ಷ ಇಚಲಕರಂಜಿಯ ಶೆಡ್ಡಿನಲ್ಲಿ ಮಗ್ಗ ನಡೆಸಿದರು. ಕೊರೋಚಿಯಲ್ಲಿ ನಮ್ಮದು ಒಂದು ಕೋಣೆಯ ಬಾಡಿಗೆ ಮನೆ. ಶೆಡ್ಡಿನಲ್ಲಿ ಪಿಸುಮಾತು ಎಂಬುದೇ ಇಲ್ಲ. ನಲವತ್ತು ಮಗ್ಗ ಒಟ್ಟಿಗೆ ಬಡಿಯುವಾಗ ಒಂದೋ ಕೈಸನ್ನೆ, ಇಲ್ಲವೇ ಕೂಗು. ವರ್ಷಗಳು ಕಳೆದಂತೆ ಇವರ ಕಿವಿ ಮಂದವಾಗಿ, ದನಿ ಏರಿತ್ತು. ಊಟಕ್ಕೆ ಕೂತು ಉಪ್ಪು ಕೇಳಿದರೂ ಓಣಿಗೆಲ್ಲ ಗೊತ್ತಾಗುತ್ತಿತ್ತು.

ಒಂದು ದಿನ ಸ್ನಾನ ಮುಗಿಸಿ ಬಂದವರು ಟವೆಲ್ಲಿನಲ್ಲೇ ನಿಂತು ಹೇಳಿದರು: "ಹರ್ಷದಾ, ಎಡಗಡೆ ತರಡಿನ್ಯಾಗ ಗಂಟ ಆಗೇತಿ ನೋಡ. ನೋವೇನಿಲ್ಲ, ಭಾರ ಆಗೇತಿ."

ನಾನು ಗಂಟನ್ನು ನೋಡಲಿಲ್ಲ. ಓಡಿಹೋಗಿ ಬಾಗಿಲು ಮುಚ್ಚಿದೆ. "ಸಾವಕಾಶ ಮಾತಾಡ್ರಿ, ಬಾಜೂಕ ಮಂದಿ ಅದಾರ."

"ಮಂದಿಗೆ ಇರೂದಿಲ್ಲೇನ?" ಎಂದು ಅವರು ನಕ್ಕರು.

ನಿಮ್ಮ ಸಂಕೋಚದ ಪುರುಷ ರೋಗಿ ಇವರೇ, ಮಾನ್ಯರೇ. ಅದಕ್ಕೂ ಎರಡು ತಿಂಗಳ ಮುಂಚೆ ಮಗ್ಗದಿಂದ ಲಾಳಿ ಸಿಡಿದು ಅವರ ತೊಡೆಸಂದಿಗೆ ಬಡಿದಿತ್ತು. ಅದೇ ಏಟು ಗಂಟು ಕಟ್ಟಿದೆ ಎಂದುಕೊಂಡೆವು. ಶೆಡ್ಡಿನ ಗಂಡಸರು ಅಲ್ಲಿ ಏನೇ ಆದರೂ ಲಾಳಿಯ ಮೇಲೇ ಹಾಕುತ್ತಾರೆ. ಲಾಳಿ ತಿರುಗಿ ಮಾತಾಡುವುದಿಲ್ಲವಲ್ಲ. ಮೂರು ವಾರ ಅರಿಶಿನ ಹಚ್ಚಿದ್ದಾಯಿತು, ಶಾಖ ಕೊಟ್ಟದ್ದಾಯಿತು. ಗಂಟು ಕರಗಲಿಲ್ಲ. ಯಾರೂ ಒತ್ತಾಯ ಮಾಡದೆ, ತಾವಾಗಿಯೇ ಒಂದು ಪಾಳಿ ಬಿಟ್ಟು ದವಾಖಾನೆಗೆ ಹೊರಟರು. ನಾನೂ ಜೊತೆಗೆ ಹೋದೆ. ನಾನು ಹೋಗದಿದ್ದರೆ ಅವರು ಇಂದು ಇರುತ್ತಿದ್ದರೇನೋ.

ಹೆಸರು, ತೊಂದರೆ ಬರೆದುಕೊಳ್ಳುವ ನಿಮ್ಮ ಕೇಸ್ ಪೇಪರಿನ ಕಿಟಕಿಯನ್ನು ನೀವು ಹೊರಗಿನಿಂದ ಎಂದಾದರೂ ನೋಡಿದ್ದೀರಾ? ಗಾಜಿನಲ್ಲಿ ಒಂದು ತೂತು. ಅದಕ್ಕೆ ಬಾಯಿ ಕೊಡಲು ಎಲ್ಲರೂ ಬಗ್ಗಿ ನಿಲ್ಲಬೇಕು. ಬೆನ್ನಿಗೆ ಹತ್ತಿ ನಲವತ್ತು ಜನ ನಿಂತಿರುತ್ತಾರೆ. ಅಂದು ನಮ್ಮ ಹಿಂದೆಯೇ ನಮ್ಮ ಓಣಿಯ ಬಾಳಕ್ಕ ನಿಂತಿದ್ದಳು. ಒಳಗಿನ ಗುಮಾಸ್ತರು, "ಕಾಯ ಹೋತಂಯ? ಮೋಠ್ಯಾನೆ ಬೋಲಾ!" ಎಂದರು. ಏನಾಗುತ್ತಿದೆ, ಜೋರಾಗಿ ಹೇಳಿ ಎಂದು. ಇವರಿಗೆ ಕೇಳಿಸಲಿಲ್ಲ. ಎರಡನೇ ಸಲ ಗುಮಾಸ್ತರು ಕಿರುಚಿದಾಗ ಸಾಲೆಲ್ಲ ನಮ್ಮತ್ತ ತಿರುಗಿತು. ಇವರು ನನ್ನ ಕೈ ಸರಿಸಿ, "ತಡಿ, ನಾ ಹೇಳ್ತೀನಿ" ಎಂದು ಬಗ್ಗಿದರು.

ಯಾವ ಮಾತು ಬರಲಿದೆ, ಯಾವ ದನಿಯಲ್ಲಿ ಬರಲಿದೆ ಎಂದು ನನಗೆ ಗೊತ್ತಿತ್ತು. ಅಂಗಿ ಹಿಡಿದು ಅವರನ್ನು ಪಕ್ಕಕ್ಕೆ ಎಳೆದು ನಾನೇ ತೂತಿಗೆ ಬಾಯಿ ಕೊಟ್ಟೆ. "ಪೋಟಾತ ದುಖ್ತಂಯ." ಹೊಟ್ಟೆ ನೋಯುತ್ತದೆ.

ಒಳಗೆ ಹೇಳಿದರಾಯಿತು ಎಂದುಕೊಂಡಿದ್ದೆ. ಒಳಗೆ ಬಾಗಿಲು ಮುಚ್ಚದಂತೆ ಇಟ್ಟಿಗೆ ಇಟ್ಟಿದ್ದರು. ಡಾಕ್ಟರ ಮೇಜಿನ ಸುತ್ತ ಇನ್ನೂ ಮೂವರು ರೋಗಿಗಳಿದ್ದರು. ಡಾಕ್ಟರು ಕಾಗದ ಓದಿ, ಅಂಗಿಯ ಮೇಲೆಯೇ ಹೊಟ್ಟೆ ಒತ್ತಿ, ಪಿತ್ತದ ಗುಳಿಗೆ ಬರೆದರು. "ಈಗ ಹೇಳ್ರಿ" ಎಂದು ನಾನು ಇವರ ಕಿವಿಯಲ್ಲಿ ಪಿಸುಗುಟ್ಟಿದೆ. ಅವರಿಗೆ ಕೇಳಿಸಲಿಲ್ಲ. ಜೋರಾಗಿ ಹೇಳಲು ನನ್ನಿಂದ ಆಗಲಿಲ್ಲ. ಇವರು ಬಾಯಿ ತೆರೆಯುವಷ್ಟರಲ್ಲಿ ಡಾಕ್ಟರು ಮುಂದಿನವರ ಕಾಗದ ಎಳೆದುಕೊಂಡಿದ್ದರು. ಇಡೀ ಕೆಲಸ ಎರಡು ನಿಮಿಷದಲ್ಲಿ ಮುಗಿಯಿತು.

ಹೊರಗೆ ಬಂದ ಮೇಲೆ ಅವರು ಕೇಳಿದರು: "ಹೊಟ್ಟಿ ಅಂತ ಯಾಕ ಅಂದಿ? ಅದು ಹೇಳೂ ಮಾತಲ್ಲೇನ?"

ನಾನು ಗುಳಿಗೆಯ ಸಾಲಿನತ್ತ ನಡೆದೆ. ಅಂದಿನಿಂದ ಅವರು ಮನೆಯಲ್ಲೂ ದನಿ ತಗ್ಗಿಸಿದರು. ನನ್ನ ನಾಚಿಕೆ ಅವರಿಗೆ ಅಂಟಿತ್ತು. ಮುಂದೆ ಪ್ರತಿ ಸಲವೂ ಹೊಸ ಡಾಕ್ಟರು, ಅದೇ ಕಾಗದ, ಅದರ ಮೇಲೆ ಅದೇ ಹೊಟ್ಟೆನೋವು. ಕಾಗದವನ್ನು ಓದಿದವರೇ ಹೊರತು ಮನುಷ್ಯನನ್ನು ಕೇಳಿದವರು ಯಾರೂ ಇರಲಿಲ್ಲ. ಅವರೂ ಹೇಳುವುದನ್ನು ಬಿಟ್ಟಿದ್ದರು.

ನಾಲ್ಕನೇ ತಿಂಗಳಿಗೆ ಅವರಿಗೆ ನಿಜವಾಗಿಯೂ ಹೊಟ್ಟೆ ನೋಯತೊಡಗಿತು.

ಆಗ ಕೊಲ್ಹಾಪುರದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿಯ ಲೇಡಿ ಡಾಕ್ಟರರು ಮೊದಲು ಬಾಗಿಲು ಮುಚ್ಚಿದರು. ಆಮೇಲೆ, "ಕೆಳಗ ಎಲ್ಲೆರ ಗಂಟ, ಬಾವು ಏನರ ಐತೇನ್ರಿ?" ಎಂದು ಒಂದೇ ಪ್ರಶ್ನೆ ಕೇಳಿದರು. ಇವರು ಗೋಣು ಹಾಕಿದರು. ವೃಷಣದಲ್ಲಿದ್ದ ರೋಗ ಹೊಟ್ಟೆಯ ಹಿಂಬದಿಯ ಗ್ರಂಥಿಗಳಿಗೆ ಹತ್ತಿತ್ತು, ಅಲ್ಲಿಂದ ಪುಪ್ಪಸಕ್ಕೂ ಹೋಗಿತ್ತು. ಈ ವಯಸ್ಸಿನ ಗಂಡಸರಲ್ಲಿ ಇದು ಬರುತ್ತದೆ, ಬೇಗ ತೋರಿಸಿಕೊಂಡರೆ ಬಹಳ ಮಂದಿ ಪೂರ್ತಿ ಗುಣವಾಗುತ್ತಾರೆ, ಲಾಳಿಯ ಏಟಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಆಕೆ ಹೇಳಿದರು. ಹಾಳೆಯ ಮೇಲೆ ಚಿತ್ರ ಬರೆದು ನನಗೂ ತಿಳಿಸಿದರು. ತಿಂಗಳಿಗೊಮ್ಮೆ ಬಿಸಿನೀರಿನ ಸ್ನಾನವಾದ ಮೇಲೆ ಒಂದೊಂದೇ ವೃಷಣವನ್ನು ಹೆಬ್ಬೆರಳು, ಬೆರಳುಗಳ ನಡುವೆ ಮೆಲ್ಲಗೆ ಹೊರಳಿಸಿ ನೋಡಬೇಕು. ಒಂದು ಇನ್ನೊಂದಕ್ಕಿಂತ ಕೆಳಗೆ ಜೋಲುವುದು ಸಹಜ. ಹಿಂಬದಿಗೆ ಮೆತ್ತನೆಯ ನಾಳ ಕೈಗೆ ಹತ್ತುವುದೂ ಸಹಜ. ಗಟ್ಟಿ ಗಂಟು, ಊತ, ಹೊಸದಾಗಿ ಬಂದ ಭಾರ ಸಹಜವಲ್ಲ, ನೋವಿಲ್ಲವೆಂದು ಸುಮ್ಮನಿರಬಾರದು. ತಟ್ಟನೆ ಜೋರು ನೋವು ಬಂದರೆ ಆ ಗಳಿಗೆಯೇ ದವಾಖಾನೆಗೆ ಓಡಬೇಕು. ಇಷ್ಟೇ. ಇದನ್ನು ಹೇಳಲು ಆಕೆಗೆ ಐದು ನಿಮಿಷ ಸಾಕಾಯಿತು.

ನಿಮ್ಮ ಗೋಡೆಗಳ ಮೇಲೆ ಎಷ್ಟೊಂದು ಚಿತ್ರಗಳಿವೆ! ಹೆಂಗಸರ ಮೊಲೆಯ ಗಂಟಿನದು, ಗರ್ಭಕೋಶದ್ದು, ತಂಬಾಕು ತಿಂದು ಕೆಟ್ಟ ಬಾಯಿಯದು. ಒಳ್ಳೆಯದೇ. ಆದರೆ ಗಂಡಸಿನ ದೇಹ ನಿಮ್ಮ ಇಲಾಖೆಯಲ್ಲಿ ಸೊಂಟಕ್ಕೆ ಮುಗಿದು ಮತ್ತೆ ಮೊಣಕಾಲಿಗೆ ಶುರುವಾಗುತ್ತದೆಯೇ? ನಡುವಿನ ಜಾಗವನ್ನು ಯಾರಿಗೆ ವಹಿಸಿದ್ದೀರಿ? ಬಸ್ ಸ್ಟ್ಯಾಂಡಿನ ಮೂತ್ರಾಲಯದ ಗೋಡೆಗೆ ಗುಪ್ತರೋಗವೆಂದು ಚೀಟಿ ಅಂಟಿಸುವ ವೈದ್ಯರಿಗೋ? ಆ ಅಂಗಕ್ಕೆ ನಮ್ಮಲ್ಲಿ ಇರುವುದು ಎರಡೇ ಹೆಸರು, ಒಂದು ಬೈಗುಳದ್ದು, ಒಂದು ಪುಸ್ತಕದ್ದು. ಮೊದಲನೆಯದನ್ನು ನಾನು ಆಡಲಾರದೆ ಹೋದೆ. ಎರಡನೆಯದು ನನಗೆ ಗೊತ್ತಾದದ್ದು ಅವರ ಮರಣದ ದಾಖಲೆಯಲ್ಲಿ.

ಈಗ ಯಾವ ಕಿಟಕಿಯ ಮುಂದೆ ನಿಂತರೂ ಅದೇ ಕಾಟ. ರೇಷನ್ನಿನದಿರಲಿ, ಟಿಕೇಟಿನದಿರಲಿ, ಬಗ್ಗುವ ಹೊತ್ತಿಗೆ ಬೆನ್ನ ಹಿಂದಿನಿಂದ "ತಡಿ, ನಾ ಹೇಳ್ತೀನಿ" ಎಂಬುದು ಕೇಳುತ್ತದೆ. ಅದೇ ಕೂಗುದನಿ. ತಿರುಗಿ ನೋಡುತ್ತೇನೆ, ಯಾರೋ ಇರುತ್ತಾರೆ. ಮನೆಯಲ್ಲಿ ಒಬ್ಬಳೇ ಇರುವಾಗ ಕುಕ್ಕರಿನ ಸೀಟಿಗೂ ಬೆಚ್ಚಿ, "ಸಾವಕಾಶ" ಎಂದುಬಿಡುತ್ತೇನೆ. ಯಾರಿಗೆ ಹೇಳುತ್ತಿದ್ದೇನೆ? ಓಣಿಗೆಲ್ಲ ಕೇಳುವಂತೆ ಅವರೊಮ್ಮೆ ಉಪ್ಪು ಕೇಳಲಿ ಎಂದು ಜೀವ ಹಂಬಲಿಸುತ್ತದೆ. ನನ್ನ ಪಾಲಿನ ತಪ್ಪನ್ನು ನಾನು ಹೊತ್ತಿದ್ದೇನೆ, ಸಾಯುವವರೆಗೆ ಹೊರುತ್ತೇನೆ. ನಿಮ್ಮ ಪಾಲನ್ನು ಯಾರು ಹೊರುತ್ತಾರೆ?

ಹೋದ ವಾರ ಇವರ ಶೆಡ್ಡಿನಲ್ಲೇ ದುಡಿಯುವ ಇಪ್ಪತ್ತಾರು ವರ್ಷದವನೊಬ್ಬ ಮನೆಗೆ ಬಂದ. ವಿಶಾಲ ಎನ್ನುತ್ತೇನೆ, ಅದು ಅವನ ಹೆಸರಲ್ಲ. ನನ್ನನ್ನು ಅತ್ತಿಗೆ ಎಂದೇ ಕರೆಯುವವನು, ಚಹಾ ಮುಟ್ಟದೆ ಕೂತು, "ವೈನಿ, ಅಣ್ಣಾರಿಗೆ ಮೊದಲ ಹೆಂಗ ಗೊತ್ತಾತ್ರಿ?" ಎಂದು ಕೇಳಿದ. ಅವನು ಏನು ಕೇಳುತ್ತಿದ್ದಾನೆಂದು ತಿಳಿಯಿತು. ಎಲ್ಲವನ್ನೂ ಹೇಳಿದೆ, ಯಾರಿಗೂ ಹೇಳದಿದ್ದ ಕಿಟಕಿಯ ಮಾತನ್ನೂ ಹೇಳಿದೆ. "ನಾಳೆನ ದವಾಖಾನಿಗೆ ಹೋಗೂಣು, ನಾನೂ ಬರ್ತೀನಿ" ಎಂದೆ.

ಅವನು ಎದ್ದು ನಿಂತ. "ಬ್ಯಾಡ್ರಿ ವೈನಿ. ನೀವು ಬರಬ್ಯಾಡ್ರಿ. ನಾ ಒಬ್ಬನ ಹೋಗ್ತೀನಿ."

ಯಾವಾಗ ಎಂದು ಕೇಳಿದೆ. ಅವನು ಹೇಳಲಿಲ್ಲ. ನನ್ನನ್ನು ನಂಬದೆ ಇದ್ದದ್ದಕ್ಕೆ ನನಗೆ ಸಿಟ್ಟಿಲ್ಲ. ಭಯವಿದೆ.

ಆದ್ದರಿಂದ ಮಾನ್ಯರೇ, ನನಗೆ ಪರಿಹಾರ ಬೇಡ, ತನಿಖೆಯೂ ಬೇಡ. ಕಿಟಕಿಯಲ್ಲಿ ಹೆಸರು, ವಯಸ್ಸು, ಊರು ಕೇಳಿ ಸಾಕು. ಏನಾಗಿದೆ ಎಂಬುದನ್ನು ಬಾಗಿಲು ಮುಚ್ಚುವ ಒಂದು ಕೋಣೆಯಲ್ಲಿ, ಒಬ್ಬೊಬ್ಬರನ್ನೇ ಕೂರಿಸಿ ಕೇಳಿ. ನಾಳೆಯಿಂದಲೇ ಕೇಳಿ. ಅವನು ಯಾವ ದಿನ ಬರುತ್ತಾನೋ ನನಗೆ ಗೊತ್ತಿಲ್ಲ. ಅವನ ನಿಜವಾದ ಹೆಸರನ್ನು ನಾನು ಹೇಳುವುದಿಲ್ಲ. ಹೀಗಾಗಿ ನೀವು ಬಂದ ಪ್ರತಿಯೊಬ್ಬ ಗಂಡಸನ್ನೂ ಕೇಳಲೇಬೇಕಾಗುತ್ತದೆ. ಅವನು ಹೊಟ್ಟೆನೋವು ಎಂದರೆ, ಕೈ ಮುಗಿಯುತ್ತೇನೆ, ನಂಬಬೇಡಿ. ಇನ್ನೊಮ್ಮೆ ಕೇಳಿ.

ಇಂತಿ,
ನಿಮ್ಮ ಕಾಗದದಲ್ಲಿ ‘ರೋಗಿಯೊಂದಿಗೆ ಬಂದವರು’ ಎಂಬಲ್ಲಿ ಸಹಿ ಮಾಡಿದ
ಹರ್ಷದಾ, ಕೊರೋಚಿ