ತೋಳಿನ ಮೇಲೆ ಎರಡು ಪಟ್ಟಿ

೨೧ ಜುಲೈ ೧೯೪೭, ಸೋಮವಾರ. ಗದಗ

ಟ್ರಂಕು ಬಿಚ್ಚಿ ನಾನು ಕೂಡಿಟ್ಟ ಪಲ್ಟನ್ ಸಾಮಾನನ್ನೆಲ್ಲ ಬಿಸಿಲಿಗೆ ಹಾಕಿದೆ. ಮಳೆಗಾಲದ ಬಿಸಿಲು, ನಂಬುವಂತಿಲ್ಲ. ಗೂರ್ಖಾ ಟೊಪ್ಪಿಗೆಗೆ ಬೂಸ್ಟು. ನೀರಿನ ಬಾಟಲಿಯ ಉಣ್ಣೆ ಗವಸು ನುಸಿಯ ಪಾಲು. ಹಿತ್ತಾಳೆ ಬಿಲ್ಲೆಗಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದೆ — ಆಹಾ, ಝಗ್ಗೆಂದವು!

ನಾಟಕ ಕಂಪನಿಯವರಿಗೆ ಇವು ಬರೀ ಡ್ರೆಸ್ಸು. ನನಗೆ ಒಂದೊಂದೂ ಒಂದೊಂದು ಪಾತ್ರ.

“ಲೇ ಯಮನೂರಪ್ಪ, ಸತ್ತವರ ಅರಿವಿಗೆ ಆರತಿ ಎತ್ತಾಕ ಹತ್ತೀಯೇನ?” ಮಾಲಕ ಬಾಬಣ್ಣನ ಕುಚೋದ್ಯ.

“ಎತ್ತತೇನ್ರಿ! ನಿಮ್ಮ ಮಖಮಲ್ಲಿನ ರಾಜರಿಗಿಂತ ಇವರು ಖರೇನ ಯುದ್ಧಾ ಮಾಡ್ಯಾರ!” ಅಂದೆ. ಥೇಟರಿನ ಕಡೇ ಸಾಲಿಗೂ ಕೇಳುವಂತೆ.

೨೬ ಜುಲೈ

ಹೊಸ ನಾಟಕದಲ್ಲಿ ನನ್ನದು ಗೋರಾ ಕ್ಯಾಪ್ಟನ್ ಪಾರ್ಟು. ಮುಖಕ್ಕೆ ಬಿಳಿ ಬಣ್ಣದ ಸಫೇದಾ, ಕೈಯಲ್ಲಿ ಬೆತ್ತ. ಕೋಟು ನಾನೇ ತಂದದ್ದು, ಹಳೆ ಅರಿವಿ ಮಾರುವ ಮಹಬೂಬಸಾಬನಿಂದ. ಬಾಬಣ್ಣ ಹೆಗಲಿಗೆ ನಕ್ಷತ್ರ ಹೊಲಿಸಿ, ತೋಳಿನ ಪಟ್ಟಿ ಕೀಳಿಸಿದ್ದಾನೆ.

ಆದರೆ ಬಟ್ಟೆ ಸುಳ್ಳು ಹೇಳುವುದಿಲ್ಲ. ಪಟ್ಟಿ ಇದ್ದ ಜಾಗ ಇನ್ನೂ ಕಪ್ಪಗಿದೆ — ಎರಡು ಗೆರೆ. ಅಂದರೆ ನಾಯಕ್, ಹತ್ತು ಸಿಪಾಯಿಗಳ ಮುಂದಾಳು. ಕಿಸೆಯಲ್ಲಿ ಸಿಕ್ಕ ಬಿಲ್ಲೆಯ ಮೇಲೆ ತುತ್ತೂರಿ, ಮೇಲೆ ಕಿರೀಟ: ಬೆಳಗಾವಿಯ ಮರಾಠಾ ಪಲ್ಟನ್. ಎದೆಯ ಮೇಲೆ ಕೆಂಪು-ಬಿಳಿ-ಹಸಿರು ರಿಬ್ಬನ್: ಇಟಲಿ ಯುದ್ಧದ್ದು. ಸಾಹೇಬನದಲ್ಲವೇ ಅಲ್ಲ ಇದು! ನಮ್ಮವನದು.

ಬಾಬಣ್ಣನಿಗೆ ಹೇಳಿದೆ. “ಖಾಕಿ ಅಂದ್ರ ಖಾಕಿ. ಮಂದಿಗೇನ್ ಗೊತ್ತಾಕ್ಕೈತಿ?” ಅಂದ.

ಮೊಳಕೈಯ ಒಳಗೆ, ಹರಿದಲ್ಲಿ ಹೆಣೆದ ಕೆಂಪು ನೂಲಿನ ರಫೂ. ಅದು ಮಾತ್ರ ತಿಳಿಯಲಿಲ್ಲ.

೩ ಆಗಸ್ಟ್, ರವಿವಾರ

ನಿನ್ನೆಯ ಆಟ ಹೌಸ್‌ಫುಲ್. ಚಪ್ಪಲಿ ಬಿದ್ದವು! ಖಳನಿಗೆ ಅದೇ ಹೂವಿನ ಹಾರ ಎಂದು ಬೀಗಿದ್ದೆ.

ಬೆಳಿಗ್ಗೆ ಒಬ್ಬ ಹೆಣ್ಣುಮಗಳು ನೇರ ಬಣ್ಣದ ಕೋಣೆಗೇ ಬಂದಳು. ಬೆಟಗೇರಿಯ ನೇಕಾರರ ದ್ಯಾಮವ್ವ. ನಿನ್ನೆ ಆಟ ನೋಡಿದ್ದಳಂತೆ. ಬರಿ ಹಣೆ. ಗೂಟಕ್ಕಿದ್ದ ಕೋಟಿನ ಮೇಲೇ ಕಣ್ಣು.

“ಯಾರನ್ನ ಕೇಳಿ ತೊಟ್ಕೊಂಡಿಯೋ ಯಣ್ಣಾ?”

“ರೊಕ್ಕಾ ಕೊಟ್ಟು ತಂದೇನಿ, ತಂಗೀ.”

“ಮೊಳಕೈ ತಿರುವಿ ನೋಡು. ಕೆಂಪು ನೂಲು ಐತಿ. ಮಗ್ಗದಾಗಿನ ನೂಲು, ನಾ ಮಾಡಿದ ರಫೂ. ನಾ ತವರಿಗೆ ಡಂಬಳಕ್ಕ ಹೋದಾಗ ಮೈದುನ ಮಾರ್ಯಾನ. ಇಂಗ್ರೇಜರ ಗುಲಾಮನ ಕೋಟು ಮನ್ಯಾಗ ಬ್ಯಾಡಂತ.” ಉಸಿರು ತಗೊಂಡಳು. “ನೂಲು ಸಿಗದ ಮಗ್ಗ ನಿಂತಿತ್ತು. ಹೊಟ್ಟಿಗಾಗಿ ಪಲ್ಟನ್ನಿಗೆ ಹೋದವ್ರು ನಮ್ಮ ಮನಿಯವ್ರು. ಎದಿಗೆ ಪೆಟ್ಟು ತಿಂದು ಬಂದು ನಮ್ಮ ಮನ್ಯಾಗ ಸತ್ರು. ಸತ್ತ ಮ್ಯಾಲೂ ಕೆರಾ ಹೊಡಸ್ತೀಯೇನ?”

ಗೂಟದಿಂದ ಕೋಟು ಇಳಿಸಿ ಮೊಳಕೈ ತಿರುವಿದೆ.

ಬಿಲ್ಲೆ ಓದಿದ್ದೆ, ರಿಬ್ಬನ್ ಓದಿದ್ದೆ. ಆ ರಫೂ ಯಾವ ಪಲ್ಟನ್ನಿನದೆಂದು ಈಗ ತಿಳಿಯಿತು.

೯ ಆಗಸ್ಟ್

ಬಾಬಣ್ಣ ಹ್ಯಾಂಡ್‌ಬಿಲ್ ಹೊಡೆಸಿದ್ದಾನೆ. ಹದಿನೈದನೇ ತಾರೀಖು, ಸ್ವಾತಂತ್ರ್ಯದ ಆಟ. ಕಡೇ ಸೀನಿನಲ್ಲಿ — ರಂಗದ ಮೇಲೆ ಪರದೇಶಿ ಕೋಟಿನ ದಹನ!

“ಅದು ಪರದೇಶಿ ಕೋಟಲ್ರಿ. ಬೆಟಗೇರಿದು.”

“ಊರ ಹಿರ್ಯಾರು ಬರ್ತಾರ. ಸುಡೂದ ಸುಡೂದು.”

“ಬ್ಯಾರೆ ಗೋಣಿಚೀಲಾ ಸುಡ್ರಿ.”

“ಕೋಟು ಕೊಡು, ಇಲ್ಲಾ ಗಂಟುಮೂಟಿ ಕಟ್ಟು.”

“ಕಟ್ಟತೇನಿ! ಆದರ ಕೋಟು ನನ್ನ ಗಂಟಿನ್ಯಾಗ!” ಗರ್ಜಿಸಿದೆ. ಹಾರ್ಮೋನಿಯಂ ಮಾಸ್ತರ ಕೈ ತಟ್ಟಿಯೇ ಬಿಟ್ಟ, ರಿಹರ್ಸಲ್ ಅಂದುಕೊಂಡು.

ಆರು ದಿನದಲ್ಲಿ ಬೇರೆ ಖಳನನ್ನು ಎಲ್ಲಿಂದ ತಂದಾನು? ಬಾಬಣ್ಣ ಹೊರಗೆ ಹಾಕಲಿಲ್ಲ. ಇವತ್ತಿನಿಂದ ಕೋಟು ಹಾಕಿಯೇ ಮಲಗುವುದು. ಸೆಕೆ. ಇರಲಿ.

೧೩ ಆಗಸ್ಟ್

ಬೆಟಗೇರಿಗೆ ನಡೆದು ಹೋದೆ. ದ್ಯಾಮವ್ವ ಮಗ್ಗದ ಕುಣಿಯಲ್ಲಿ ಕುಳಿತಿದ್ದಳು. ಕೋಟು ಮುಂದಿಟ್ಟೆ. ಮುಟ್ಟಿದಳು, ವಾಸನೆ ನೋಡಿದಳು, ಮಡಚಿ ತಿರುಗಿ ಕೊಟ್ಟಳು.

“ಇಲ್ಲಿಟ್ರ ಮತ್ತ ಮಾರ್ತಾರ. ನೀನ ತೊಟ್ಕೋ. ಗೋರಾ ಸಾಹೇಬ ಆಗಿ ಅಲ್ಲ.”

“ಅವರಾಗೇ ನಿಲ್ತೇನಿ. ಹೆಸರು ಬೇಕಲ್ಲ, ತಂಗೀ?”

ಲಾಳಿಗೆ ಕೈ ಹಾಕಿದ್ದವಳು ಹಿಂತೆಗೆದಳು. ಗಂಡನ ಹೆಸರು ಬಾಯಿಬಿಟ್ಟು ಹೇಳುವ ಪದ್ಧತಿ ಎಲ್ಲಿದೆ? ಮುತ್ತೈದೆಯರಾದರೆ ಒಡಪಿನ ಪದ್ಯದಲ್ಲಿ ಸೇರಿಸಿ ನಾಚಿ ಹೇಳುತ್ತಾರೆ. ಇವಳಿಗೆ ಆ ಹಬ್ಬವೂ ಮುಗಿದಿದೆ. ಒಳಗೆ ಅತ್ತೆ ಕೆಮ್ಮಿದಳು — ಎಚ್ಚರಿಕೆಯ ಕೆಮ್ಮು.

“ನಾ ಹೇಳಬಾರದು. ಮೈದುನ ಹೇಳಾಂಗಿಲ್ಲ. ಹಿಂಗಾದ್ರ ಅವರು ಹುಟ್ಟೇ ಇಲ್ಲದಂಗ ಆತು.” ಎದ್ದು ನಿಂತಳು. ಒಡಪಿಲ್ಲ, ನಾಚಿಕೆಯಿಲ್ಲ. ಓಣಿಗೆಲ್ಲ ಕೇಳುವಂತೆ —

“ಲಕ್ಷ್ಮಪ್ಪ!”

ಎಷ್ಟು ಸಭೆ ನೋಡಿದ್ದೇನೆ! ಅಂಥ ಕಂಠ ಕೇಳಿಲ್ಲ.

೧೫ ಆಗಸ್ಟ್, ಶುಕ್ರವಾರ. ಸಂಜೆ

ಊರೆಲ್ಲ ಬಾವುಟ. ತಗಡಿನ ಮೇಲೆ ಮಳೆ, ಒಳಗೆ ಜನವೋ ಜನ. ಹೆಂಗಸರ ಕಡೆ ಮುಂದಿನ ಚಾಪೆಯಲ್ಲಿ ದ್ಯಾಮವ್ವ.

ನಕ್ಷತ್ರ ಕಿತ್ತೆಸೆದೆ. ಎರಡು ಪಟ್ಟಿ ಮತ್ತೆ ಹೊಲಿದೆ, ಕಪ್ಪಗಿದ್ದ ಗುರುತಿನ ಮೇಲೇ. ಬಿಲ್ಲೆ ಟೊಪ್ಪಿಗೆಗೆ. ಸಫೇದಾ ಹಚ್ಚಿಲ್ಲ. ಕನ್ನಡಿಯಲ್ಲಿ ನಮ್ಮೂರಿನ ಕಪ್ಪು ಮುಖ, ಎದೆಯ ಮೇಲೆ ಇಟಲಿ.

ಬಾಬಣ್ಣ ಬಂದು ನೋಡಿ ಬೆವೆತ. “ಯಮನೂರಪ್ಪಾ, ಕೈ ಮುಗೀತೀನೋ... ಬೆಂಕಿ ಹಚ್ಚಾಕ ಹಿರ್ಯಾರು ಕುಂತಾರ.”

“ಹಚ್ಚಲಿ. ಆದರ ಕೋಟಿನೊಳಗ ನಾ ಇರ್ತೇನಿ!”

ಎರಡನೇ ಗಂಟೆ ಬಾರಿಸಿತು; ಮೂರನೆಯದಕ್ಕೆ ಪರದೆ ಏಳುತ್ತದೆ. ನಿಂತುಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ. ಇರಲಿ, ಕಂಠ ನೆಟ್ಟಗಿದ್ದರೆ ಸಾಕು. ಮೊದಲ ಮಾತು ಗಟ್ಟಿಯಾಗಿದೆ: ನಾನು ನಾಯಕ್ ಲಕ್ಷ್ಮಪ್ಪ. ಬೆಟಗೇರಿಯವ. ಈ ಕೋಟು ನನ್ನದು. ಸುಡುವವರು ಮೇಲೆ ಬರ್ರಿ, ಮೊದಲು ಮೊಳಕೈಯ ಕೆಂಪು ನೂಲು ನೋಡಿ ಆಮೇಲೆ—

ಮೂರನೇ ಗಂಟೆ. ಪರದೆ