ಏಸಿ ತಂಪಿಗೆ ನೇರಳೆಯಾದ ಗಿಡ

ಕರಾಮ, ದುಬೈ
18 ಜನವರಿ 2025

ಪ್ರೀತಿಯ ತಮ್ಮ ಫ್ಲಾಯ್ಡ್,

ಹೇಗಿದ್ದಿ ಮಾರಾಯ? ಎದೆಯುರಿ ಕಡಿಮೆಯಾಯಿತಾ? ಮಮ್ಮಿಯ ಮಂಡಿನೋವು ಹೇಗಿದೆ? ನೀನು ಫೋನ್ ಎತ್ತುವುದಿಲ್ಲ, ಮೆಸೇಜಿಗೆ ಉತ್ತರವಿಲ್ಲ. ಅದಕ್ಕೇ ಊರಿಗೆ ಹೊರಟ ಪಕ್ಕದ ಮನೆಯ ರೋಸಿಯ ಕೈಯಲ್ಲಿ ಈ ಕಾಗದ. ಹರಿಯುವುದಾದರೆ ಓದಿಯಾದರೂ ಹರಿ.

ಇಡೀ ದಿನ ಹೋಟೆಲಿನ ಒಲೆಯ ಮುಂದೆ ಬೆಂದು ಬರುವ ನೀನು ನಮ್ಮ ಕೋಣೆಯ ಏಸಿಯನ್ನು ಹದಿನೆಂಟರಿಂದ ಮೇಲೇರಲು ಬಿಡುತ್ತಿರಲಿಲ್ಲ. ಅದರ ಕೆಳಗೇ ನಿನ್ನ ಕುಂಡ. ಬೆರಳು ಬಿಡಿಸಿದ ಹಾಗೆ ಐದು ಸೀಳಿನ ಎಲೆ, ಗರಗಸದಂಥ ಅಂಚು. ನನಗೆ ಮೊದಲೇ ಅನುಮಾನ. ಆಮೇಲೆ ಮೊಬೈಲಿನ ವಿಡಿಯೊದಲ್ಲಿ ಯಾರೋ ಹೇಳುತ್ತಿದ್ದರು, ತಂಪು ತಾಗಿದರೆ ಕೆಲವು ಜಾತಿಯ ಗಾಂಜಾ ಎಲೆಯ ಹಸಿರು ಮಾಸಿ ನೇರಳೆ ಬಣ್ಣ ಏಳುತ್ತದಂತೆ. ಎದ್ದು ಬಂದು ನೋಡಿದರೆ ನಿನ್ನ ಗಿಡದ ದಂಟು, ಎಲೆಯ ನರ ಎಲ್ಲ ಕೆನ್ನೇರಳೆ! ಈ ದೇಶದಲ್ಲಿ ಸಿಕ್ಕಿಬಿದ್ದರೆ ನೀನೂ ಜೈಲಿಗೆ, ನಾನೂ ಜೈಲಿಗೆ.

"ಅಕ್ಕಾ, ಅದು ಪುಂಡಿ" ಎಂದೆ ನೀನು. ನನ್ನ ಪಿತ್ತ ನೆತ್ತಿಗೇರಿದ್ದೇ ಆ ಮಾತಿಗೆ. ನಮ್ಮ ಕಡೆ ಪುಂಡಿ ಎಂದರೆ ಅಕ್ಕಿತರಿಯ ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸುವ ತಿಂಡಿ. ಅದು ಕುಂಡದಲ್ಲಿ ಬೆಳೆಯುತ್ತದಾ? ಸಿಕ್ಕಿಬಿದ್ದ ಮೇಲೂ ತಮಾಷೆಯಾ ಎಂದು ಕೆನ್ನೆಗೆ ಬಾರಿಸಿದೆ. ಗಿಡ ಕಿತ್ತು ಚೂರು ಮಾಡಿ ಟಾಯ್ಲೆಟ್ಟಿಗೆ ಹಾಕಿ ನೀರು ಬಿಟ್ಟೆ. "ಖಲಾಸ್, ಊರಿಗೆ ಹೋಗು" ಎಂದೆ. ನೀನು ಎದುರಾಡದೆ ವೀಸಾ ಕ್ಯಾನ್ಸಲ್ ಮಾಡಿಸಿ ಹೊರಟಾಗ, ತಪ್ಪು ಮಾಡಿದ್ದಕ್ಕೇ ಸುಮ್ಮನಿದ್ದಾನೆ ಅಂದುಕೊಂಡೆ. ಈಗ ನಿನಗೆ ನಿಶ್ಚಯವಾಗಿದ್ದ ಪರ್ಲ್ ಮನೆಯವರು ಮದುವೆ ಬೇಡ ಎಂದರಂತೆ. ಗಲ್ಫಿನ ಕೆಲಸ ಹೋದದ್ದಕ್ಕೆ ಎಂದು ನೀನು ಕೊರಗುತ್ತಿದ್ದೀಯೆಂದು ಮಮ್ಮಿ ಹೇಳಿದರು.

ಮೊನ್ನೆ ನಿನ್ನ ಜೊತೆ ಅಡುಗೆಗಿದ್ದ ಕಲಬುರಗಿಯ ಲೈಲಾ ಒಂದು ಕಟ್ಟು ಸೊಪ್ಪು ಹಿಡಿದು ಬಂದಳು. "ಅಕ್ಕಾರ, ಫ್ಲಾಯ್ಡನ ಪುಂಡಿ ಗಿಡಕ್ಕ ನೀರ ಹಾಕ್ಲಿಕತ್ತೀರೇನ್ರಿ? ಬೀಜ ನಾನಾ ಕೊಟ್ಟಿದ್ದೆ" ಎಂದಳು. ಅದೇ ಎಲೆ, ಅದೇ ದಂಟು. ಅವರ ಊರಲ್ಲಿ ಪುಂಡಿ ಎಂದರೆ ಹುಳಿ ಸೊಪ್ಪಂತೆ, ಪಲ್ಯ ಮಾಡಿ ರೊಟ್ಟಿಗೆ ಹಚ್ಚಿಕೊಳ್ಳುತ್ತಾರಂತೆ. ದಂಟು ಹುಟ್ಟಾ ಕೆಂಪಂತೆ, ಏಸಿಗೂ ಅದಕ್ಕೂ ಸಂಬಂಧವೇ ಇಲ್ಲವಂತೆ! ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುವುದು ನನಗೇ ಸರಿ. ಅವಳ ಮುಖ ನೋಡಲಾಗಲಿಲ್ಲ ನನಗೆ. ನೀನು ನಿಜವನ್ನೇ ಹೇಳಿದ್ದೆ, ನಾನು ಹೊಡೆದೆ. ನಾಚಿಕೆಯಾಗುತ್ತಿದೆ ತಮ್ಮಾ.

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಮಮ್ಮಿಗೆ ನನ್ನ ಮುತ್ತು ಕೊಡು.

ಅಕ್ಕ ಎನ್ನಿಸಿಕೊಳ್ಳಲು ಮುಖವಿಲ್ಲದ,
ಜೋಸ್ಫಿನ್

ತಾ.ಕ.: ಇದನ್ನು ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಪರ್ಲ್ ಮನೆಯವರು ಬೇಡ ಎಂದದ್ದು ಕೆಲಸಕ್ಕಲ್ಲ. ನೀನು ವಿಮಾನ ಹತ್ತಿದ ದಿನ ಅವಳ ಅಮ್ಮನಿಗೆ ಫೋನ್ ಮಾಡಿ, ಹುಡುಗ ಗಾಂಜಾ ಬೆಳೆಸುತ್ತಾನೆ, ಮಗಳನ್ನು ಕೊಡಬೇಡಿ ಎಂದವಳು ನಾನೇ. ನಿನ್ನೆ ಮತ್ತೆ ಫೋನ್ ಮಾಡಿ, ನನ್ನದೇ ತಪ್ಪು ಎಂದೆ. "ನಿಮ್ಮ ತಮ್ಮ ಅಲ್ವಾ, ಈಗ ಹಾಗೇ ಹೇಳ್ತೀರಿ" ಎಂದು ಇಟ್ಟುಬಿಟ್ಟರು. ಶುಕ್ರವಾರ ಮಂಗಳೂರಿಗೆ ಬರುತ್ತೇನೆ, ನೇರ ಅವರ ಮನೆಗೇ. ನೀನು ಕರೆಯಲು ಬರಬೇಡ.